ಟವರ್ ಪೆಟ್ಟಿಗೆಯೊಳಗಿನ ಕಪ್ಪು ಬಿಲ್ಲೆ

ಬೇಸಿಗೆಯಲ್ಲಿ ಯಾದಗಿರಿ ಸೀಮೆಯ ಹತ್ತಿಕುಣಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮೊಬೈಲ್ ಟವರಿನ ರೇಡಿಯೋ ಪೆಟ್ಟಿಗೆಗೆ ನೆರಳೂ ಇರುವುದಿಲ್ಲ, ಒಳಗಂತೂ ಇನ್ನೂ ಕಾವು. ಅಂಥ ಪೆಟ್ಟಿಗೆಗಳಲ್ಲಿ ಸರ್ಕ್ಯುಲೇಟರ್ ಎಂಬ ಪುಟ್ಟ ಬಿಡಿಭಾಗವಿರುತ್ತದೆ: ಫೆರೈಟ್ ಎಂಬ ಕಾಂತವಸ್ತುವಿನ ಕಪ್ಪು ಬಿಲ್ಲೆ, ಅದರ ಮೇಲೊಂದು ಅಯಸ್ಕಾಂತ, ಸುತ್ತ ಮೂರು ಬಾಗಿಲು. ಒಂದನೆಯದರಲ್ಲಿ ಹೊಕ್ಕ ಮೈಕ್ರೋವೇವ್ ಎರಡನೆಯದರಿಂದ ಹೊರಬೀಳುತ್ತದೆ. ಎರಡನೆಯದರಿಂದ ಮರಳಿದ್ದು ಮೂರನೆಯದರತ್ತ ಸಾಗುತ್ತದೆ. ಗಾಣದ ಎತ್ತಿನ ಹಾಗೆ ಒಂದೇ ದಿಕ್ಕಿನ ಸುತ್ತು. ಆಂಟೆನಾದಿಂದ ವಾಪಸು ಬಂದ ಶಕ್ತಿ ಆಂಪ್ಲಿಫೈಯರನ್ನು ಸುಡದಂತೆ ಕಾಯುವುದು ಇದೇ.

ಈ ಒಂದೇ ದಿಕ್ಕಿನ ಗುಣಕ್ಕೆ ಕಾರಣ ಫೆರೈಟಿನೊಳಗಿನ ಎಲೆಕ್ಟ್ರಾನುಗಳ ಸ್ಪಿನ್. ಒಂದು ಟೆಸ್ಲಾ ಕಾಂತಕ್ಷೇತ್ರದಲ್ಲಿ ಅದು ಸೆಕೆಂಡಿಗೆ ಸುಮಾರು 2,800 ಕೋಟಿ ಸಲ, ಅಂದರೆ 28 ಗಿಗಾಹರ್ಟ್ಸ್‌ನಲ್ಲಿ, ಒಂದೇ ದಿಕ್ಕಿಗೆ ಓಲಾಡುತ್ತ ಸುತ್ತುತ್ತದೆ. ಹಳೆಯ ಬಗೆಯ ಫೆರೈಟನ್ನು ಸಾವಿರ ಡಿಗ್ರಿಗೂ ಮೀರಿದ ಕುಲುಮೆಯಲ್ಲಿ ಸುಡಬೇಕು. ಅದು ಭಾರ, ಪೆಟ್ಟು ಬಿದ್ದರೆ ಒಡೆಯುತ್ತದೆ. ಅದಕ್ಕೇ ಫೆರೈಟಿನ ನ್ಯಾನೋ ಕಣಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಅಚ್ಚು ಹಾಕುವ ಪ್ರಯತ್ನಗಳು ನಡೆದಿವೆ. ಆದರೆ ಪ್ಲಾಸ್ಟಿಕ್ಕಿಗೆ ಕಾಂತಗುಣವಿಲ್ಲ, ಕಣ ಸಣ್ಣದಾದಷ್ಟೂ ಅದರ ಮೇಲ್ಮೈಯ ಸ್ಪಿನ್‌ಗಳು ಸಾಲು ತಪ್ಪುತ್ತವೆ. ಹೀಗಾಗಿ ಒಟ್ಟು ಕಾಂತಶಕ್ತಿ ತಗ್ಗುತ್ತದೆ. ಎಷ್ಟು ತಗ್ಗಿತು? ಅಳೆದೇ ನೋಡಬೇಕು.

ಅಳತೆಯ ಕಷ್ಟ ಇಲ್ಲಿಂದ ಶುರು. 8ರಿಂದ 12 ಗಿಗಾಹರ್ಟ್ಸ್‌ನ ಎಕ್ಸ್-ಬ್ಯಾಂಡಿಗೆ 22.86 ಮಿಲಿಮೀಟರ್ ಅಗಲ, 10.16 ಮಿಲಿಮೀಟರ್ ಎತ್ತರದ ಲೋಹದ ಕೊಳವೆ ಬಳಸುತ್ತಾರೆ. ಮಾದರಿಯ ತುಂಡನ್ನು ಅದರೊಳಗೆ ಕೂರಿಸಿ, ನೆಟ್‌ವರ್ಕ್ ಅನಲೈಸರ್ ಎಂಬ ಉಪಕರಣದಿಂದ ಅಲೆ ಕಳಿಸಿ, ಎಷ್ಟು ಮರಳಿತು, ಎಷ್ಟು ದಾಟಿತು ಎಂದು ನೋಡುತ್ತಾರೆ. 1970ರ ದಶಕದಲ್ಲಿ ನಿಕಲ್ಸನ್, ರಾಸ್, ವಿಯರ್ ರೂಪಿಸಿದ ಗಣಿತ ಆ ಎರಡರಿಂದಲೇ ವಸ್ತುವಿನ ವಿದ್ಯುತ್ ಗುಣ, ಕಾಂತಗುಣ ಎರಡನ್ನೂ ಬಿಡಿಸಿಕೊಡುತ್ತದೆ.

ತುಂಡು ಮಾತ್ರ ಗೋಡೆಗೆ ಬಿಗಿಯಾಗಿ ಕೂರಬೇಕು. ವಸ್ತುವಿನ ಪರ್ಮಿಟಿವಿಟಿ, ಅಂದರೆ ಆ ವಿದ್ಯುತ್ ಗುಣದ ಅಂಕಿ, 10 ಇದೆಯೆನ್ನಿ. ಎತ್ತರದಲ್ಲಿ ಬರೀ 0.1 ಮಿಲಿಮೀಟರ್ ಸಂದು ಉಳಿದರೂ ಲೆಕ್ಕ ಸುಮಾರು 9.2 ಎನ್ನುತ್ತದೆ. ಕೂದಲಿನಷ್ಟು ಗಾಳಿಯಿಂದ ನೂರಕ್ಕೆ ಎಂಟರಷ್ಟು ತಪ್ಪು! ಹೊಸ ವಸ್ತುವಿನ ಅಂಕಿ ಕಂಡಾಗ ತುಂಡನ್ನು ಹೇಗೆ ಕೂರಿಸಿದ್ದರು ಎಂದು ನಾನು ಮೊದಲು ಹುಡುಕುತ್ತೇನೆ.

ಎರಡನೆಯದಾಗಿ ಹುಡುಕುವುದು ತಾಪಮಾನ. ಬಿಸಿಯೇರಿದಂತೆ ಫೆರೈಟಿನ ಕಾಂತಗುಣ ಇಳಿಯುತ್ತದೆ, ಸರ್ಕ್ಯುಲೇಟರ್ ಚೆನ್ನಾಗಿ ದುಡಿಯುವ ಆವರ್ತನವೂ ಸರಿಯುತ್ತದೆ. ಅಲೆಯ ಒಂದಿಷ್ಟು ಶಕ್ತಿ ಬಿಲ್ಲೆಯಲ್ಲೇ ಶಾಖವಾಗುವುದರಿಂದ ಕಾವು ಒಳಗಿನಿಂದಲೂ ಏರುತ್ತದೆ. ಪ್ಲಾಸ್ಟಿಕ್ ಅದನ್ನು ಬೇಗ ಹೊರಬಿಡುವುದಿಲ್ಲ. ಎಸಿ ಕೋಣೆಯಲ್ಲಿ 25 ಡಿಗ್ರಿಗೆ ಅಳೆದ ಅಂಕಿ ಯಾದಗಿರಿ ಸೀಮೆಗೆ ಸಾಲದು. ಮಾದರಿಯನ್ನು ಓವನ್ನಿನಲ್ಲಿಟ್ಟು 85 ಡಿಗ್ರಿವರೆಗೂ ಕಾಯಿಸಿ, ಹಂತಹಂತವಾಗಿ ಅಳೆಯಬೇಕು, ಆರಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಮೊದಲಿನ ಅಂಕಿ ಮರಳದಿದ್ದರೆ ಪ್ಲಾಸ್ಟಿಕ್ಕೋ ಕಣಗಳ ಜೋಡಣೆಯೋ ಕೆಟ್ಟಿದೆ ಎಂದರ್ಥ.