ಒಂದು ಮತದ ಲೆಕ್ಕ

ಚಾಮರಾಜನಗರದಿಂದ ಯಳಂದೂರಿನ ಕಡೆಗೆ ಹೊರಟವರಿಗೆ ಸಂತೆಮರಹಳ್ಳಿ ದಾರಿಯಲ್ಲೇ ಸಿಗುತ್ತದೆ. ಈ ಊರಿನ ಹೆಸರಿನ ವಿಧಾನಸಭಾ ಕ್ಷೇತ್ರವೊಂದಿತ್ತು. ೨೦೦೮ರ ಮರುವಿಂಗಡಣೆಯ ಬಳಿಕ ಅದು ಉಳಿಯಲಿಲ್ಲ. ಆದರೆ ೨೦೦೪ರ ಚುನಾವಣೆಯಿಂದಾಗಿ ಆ ಹೆಸರು ಇಂದಿಗೂ ನೆನಪಿನಲ್ಲಿದೆ. ಅಂದು ಆರ್. ಧ್ರುವನಾರಾಯಣ ಅವರಿಗೆ ಬಂದ ಮತಗಳು ೪೦,೭೫೨, ಎ.ಆರ್. ಕೃಷ್ಣಮೂರ್ತಿ ಅವರಿಗೆ ಬಂದವು ೪೦,೭೫೧. ಗೆಲುವಿಗೂ ಸೋಲಿಗೂ ನಡುವೆ ಇದ್ದುದು ಒಂದೇ ಒಂದು ಮತ.

ಆ ಎಣಿಕೆಯಲ್ಲಿ ತಪ್ಪು ನಡೆಯಿತೆಂದು ನಾನು ಹೇಳುತ್ತಿಲ್ಲ. ಅಂಥ ಪಟ್ಟಿಯೊಂದನ್ನು ಗಣಕಯಂತ್ರದ ಕೈಗೆ ಕೊಟ್ಟರೆ ಅದು ಹೇಗೆ ಓದೀತೆಂಬುದಷ್ಟೆ ಇಂದಿನ ವಿಚಾರ.

ಗಣಕದಲ್ಲಿ ಇಂಥ ಮಾಹಿತಿ ಪೆಟ್ಟಿಗೆಯೊಳಗಿನ ಪೆಟ್ಟಿಗೆಯಂತೆ ಕುಳಿತಿರುತ್ತದೆ. ಕ್ಷೇತ್ರವೆಂಬ ದೊಡ್ಡ ಪಟ್ಟಿ, ಅದರೊಳಗೆ ಮತಗಟ್ಟೆಗಳು, ಪ್ರತಿ ಮತಗಟ್ಟೆಯೊಳಗೆ ಅಭ್ಯರ್ಥಿಗಳು, ಒಬ್ಬೊಬ್ಬರ ಮುಂದೆ ಒಂದೊಂದು ಅಂಕಿ. ಗಣಕದ ಮಾತಿನಲ್ಲಿ ಪಟ್ಟಿಗೆ ಅರೇ ಎಂದು ಹೆಸರು. 'ಹದಿನೇಳನೆಯ ಮತಗಟ್ಟೆಯ ಎರಡನೆಯ ಅಭ್ಯರ್ಥಿಯ ಮತ ಎಷ್ಟು?' ಎಂದು ಕೇಳುವುದು ಸುಲಭ. ಉತ್ತರವನ್ನು ನಂಬುವುದು ಅಷ್ಟು ಸುಲಭವಲ್ಲ.

ಅಪಾಯಗಳು ಮೂರು. ಮೊದಲನೆಯದು, ದಾರಿಯೇ ಇಲ್ಲದಿರುವುದು. ಹದಿನೇಳನೆಯ ಮತಗಟ್ಟೆಯ ವಿವರ ಬಂದೇ ಇಲ್ಲವಾದರೆ, ಇಲ್ಲದ ಪೆಟ್ಟಿಗೆಯೊಳಗೆ ಕೈಹಾಕಿದಂತಾಗುತ್ತದೆ. ಎರಡನೆಯದು, ಮನೆ ಇದೆ, ಆದರೆ ಖಾಲಿ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಖಾಲಿ ಬರಹವನ್ನು ಸಂಖ್ಯೆಯಾಗಿಸೆಂದು ಹೇಳಿದರೆ ಸೊನ್ನೆ ಸಿಗುತ್ತದೆ. 'ಯಾರೂ ಮತ ಹಾಕಲಿಲ್ಲ' ಎಂಬುದಕ್ಕೂ 'ಲೆಕ್ಕ ಇನ್ನೂ ಬಂದಿಲ್ಲ' ಎಂಬುದಕ್ಕೂ ಇರುವ ಅಂತರ ಅಲ್ಲಿಗೆ ಅಳಿಸಿಹೋಯಿತು.

ಮೂರನೆಯದು ಇನ್ನೂ ಸೂಕ್ಷ್ಮ: ವಸ್ತುವಿದೆ, ಅದರ ಜಾತಿ ಬೇರೆ. ಗಣಕಕ್ಕೆ ಸಂಖ್ಯೆ ಬೇರೆ, ಸಂಖ್ಯೆಯಂತೆ ಕಾಣುವ ಬರಹ ಬೇರೆ. ಜಾವಾಸ್ಕ್ರಿಪ್ಟಿನಲ್ಲಿ ಬರಹವಾಗಿರುವ ಹನ್ನೆರಡಕ್ಕೆ ಐದನ್ನು ಕೂಡಿಸಿದರೆ ಹದಿನೇಳಲ್ಲ, ನೂರ ಇಪ್ಪತ್ತೈದು! ಪಿಎಚ್‌ಪಿ ಭಾಷೆಯ ಪೂರ್ಣಾಂಕ ಪರಿವರ್ತನೆ ಕನ್ನಡ ಅಂಕಿಗಳನ್ನು ಅಂಕಿಯೆಂದೇ ಗುರುತಿಸದೆ ಸೊನ್ನೆ ಎನ್ನುತ್ತದೆ. ಇಂಗ್ಲಿಷ್ ಅಂಕಿಯಲ್ಲೇ ಬರೆದಿದ್ದರೂ ಅಲ್ಪವಿರಾಮ ಕಂಡೊಡನೆ ಅದು ಓದುವುದನ್ನು ನಿಲ್ಲಿಸುತ್ತದೆ. ಆಗ ೪೦,೭೫೨ ಎಂಬುದು ನಲವತ್ತು. ೪೦,೭೫೧ ಎಂಬುದೂ ನಲವತ್ತು. ಗೆದ್ದವರು ಯಾರು, ಸೋತವರು ಯಾರು? ಯಂತ್ರ ಮಾತ್ರ ಯಾವ ದೂರನ್ನೂ ಹೇಳದೆ ಮುಂದೆ ಸಾಗುತ್ತದೆ.

'ಏನೂ ಇಲ್ಲ' ಎಂಬುದು ಈ ಕ್ಷೇತ್ರದ ಹಳೆಯ ತಲೆನೋವು. ೧೯೬೫ರಲ್ಲಿ ಆಲ್ಗಾಲ್ ಡಬ್ಲ್ಯು ಭಾಷೆಯನ್ನು ರೂಪಿಸುವಾಗ, ಯಾವುದನ್ನೂ ತೋರದ ಶೂನ್ಯ ಸೂಚಕವನ್ನು ತಂದವರು ಟೋನಿ ಹೋರ್. ೨೦೦೯ರಲ್ಲಿ ಅವರೇ ಅದನ್ನು ತಮ್ಮ ಶತಕೋಟಿ ಡಾಲರಿನ ತಪ್ಪೆಂದು ಕರೆದುಕೊಂಡರು.

ಹಾಗಾದರೆ ಸುರಕ್ಷಿತವಾಗಿ ಓದುವ ಬಗೆ ಯಾವುದು? ಓದುವ ಕೆಲಸವನ್ನು ಕ್ರಮವಿಧಿಯ ಉದ್ದಕ್ಕೂ ಚೆಲ್ಲದೆ ಒಂದೇ ಕಡೆ ಇಡಬೇಕು. ಹೋಗಬೇಕಾದ ದಾರಿಯನ್ನೂ ಬೇಕಾದ ವಸ್ತುವಿನ ಜಾತಿಯನ್ನೂ ಅದಕ್ಕೆ ಮೊದಲೇ ತಿಳಿಸಬೇಕು. ಅದು ಪ್ರತಿ ಮೆಟ್ಟಿಲಲ್ಲೂ ನಿಂತು ಕೇಳಬೇಕು: ಈ ಮನೆ ಇದೆಯೆ? ಇದರೊಳಗೆ ಇರುವುದು ಪಟ್ಟಿಯೆ? ಕೊನೆಯಲ್ಲಿ ಸಿಕ್ಕಿದ್ದು ಸೊನ್ನೆಗಿಂತ ಕಡಿಮೆಯಲ್ಲದ ಪೂರ್ಣಾಂಕವೆ? ಒಂದಕ್ಕೆ 'ಅಲ್ಲ' ಎಂಬ ಉತ್ತರ ಬಂದರೂ ಸೊನ್ನೆಯನ್ನು ಕೊಡಬಾರದು. 'ಹದಿನೇಳನೆಯ ಮತಗಟ್ಟೆ, ಎರಡನೆಯ ಅಭ್ಯರ್ಥಿ: ಸಂಖ್ಯೆ ಬೇಕಿತ್ತು, ಬರಹ ಸಿಕ್ಕಿತು' ಎಂದು ಜಾಗ ಸಹಿತ ದೂರು ಕೊಡಬೇಕು.

ಬದಲಿ ಬೆಲೆ ಎಂಬುದು ಎಲ್ಲೂ ಕೂಡದೆ? ಹಾಗಲ್ಲ. ಅಭ್ಯರ್ಥಿಯ ಅಡ್ಡಹೆಸರಿನ ಮನೆ ಖಾಲಿಯಿದ್ದರೆ ಖಾಲಿಯನ್ನೇ ಒಪ್ಪಬಹುದು. ಅಲ್ಲಿ 'ಇಲ್ಲ' ಎಂಬುದಕ್ಕೂ ಅರ್ಥವಿದೆ. ಪಿಎಚ್‌ಪಿಗೆ ೨೦೧೫ರಲ್ಲಿ ಬಂದ ಜೋಡಿ ಪ್ರಶ್ನಾರ್ಥಕ ಚಿಹ್ನೆ ಇಂಥ ಕಡೆ ಬಹಳ ಅನುಕೂಲ: ವಸ್ತುವಿಲ್ಲದಿದ್ದರೆ ನಾವು ಹೇಳಿದ ಬದಲಿಯನ್ನು ಅದು ಕೊಡುತ್ತದೆ. ಆದರೆ ಸಿಕ್ಕಿದ ವಸ್ತುವಿನ ಜಾತಿಯನ್ನು ಅದು ವಿಚಾರಿಸುವುದಿಲ್ಲ. ಮತದ ಮನೆಯಲ್ಲಿ ಅದನ್ನು ಬಳಸಿ ಸೊನ್ನೆ ತುಂಬಿದರೆ ಕೊರತೆ ಮುಚ್ಚಿಹೋಗುತ್ತದೆ.

ಲೆಕ್ಕ ಬಲ್ಲ ಗುಮಾಸ್ತ ಬಾರದ ಚೀಟಿಯ ಎದುರು ಸೊನ್ನೆ ಬರೆಯುವುದಿಲ್ಲ. ಜಾಗ ಬಿಟ್ಟು, ಚೀಟಿ ಎಲ್ಲಿ ಎಂದು ಕೇಳುತ್ತಾನೆ. ಯಂತ್ರಕ್ಕೂ ನಾವು ಕಲಿಸಬೇಕಾದದ್ದು ಆ ಪ್ರಶ್ನೆಯನ್ನೇ. ಒಂದು ಮತವೂ ಫಲವನ್ನು ನಿರ್ಧರಿಸಬಲ್ಲುದೆಂಬುದನ್ನು ಸಂತೆಮರಹಳ್ಳಿ ಕಂಡಿದೆಯಲ್ಲವೆ?