ವಿದ್ಯುತ್ತಿನ ಕಿವಿ

ಜಾತ್ರೆಯಲ್ಲಿ, ನಾಟಕದ ಬಯಲಿನಲ್ಲಿ, ಸಾರ್ವಜನಿಕ ಸಭೆಗಳಲ್ಲಿ ಕಂಬಕ್ಕೆ ಕಟ್ಟಿದ ತುತ್ತೂರಿಯಂತಹ ಉಪಕರಣವನ್ನು ನಮ್ಮ ಜನರು ‘ಮೈಕು’ ಎಂದು ಕರೆಯುವುದುಂಟು. ವಾಸ್ತವವಾಗಿ ಅದು ಧ್ವನಿವರ್ಧಕ. ಭಾಷಣಕಾರನ ಎದುರಿಗಿರುವ ಪುಟ್ಟ ಉಪಕರಣವೇ ಮೈಕ್ರೊಫೋನು. ಮೊದಲನೆಯದು ಬಾಯಿ, ಎರಡನೆಯದು ಕಿವಿ. ಕಿವಿ ಸರಿಯಾಗಿ ಕೇಳಿಸಿಕೊಳ್ಳದಿದ್ದರೆ ಬಾಯಿ ಎಷ್ಟು ಗಟ್ಟಿಯಾಗಿ ಕೂಗಿದರೂ ಪ್ರಯೋಜನವಿಲ್ಲ. ಈ ಕಿವಿಗಳಲ್ಲಿ ಹಲವು ಬಗೆಗಳಿವೆ. ಯಾವ ಕೆಲಸಕ್ಕೆ ಯಾವುದು ತಕ್ಕದ್ದೆಂಬುದನ್ನು ಅರಿಯುವುದೇ ಅವುಗಳ ಬಳಕೆಯ ಮರ್ಮ.

ಮೈಕ್ರೊಫೋನು ಬಳಕೆಗೆ ಬರುವ ಮೊದಲು ಗಾಯನದ ಮುದ್ರಣ ಬಲು ಪ್ರಯಾಸದ ಕೆಲಸವಾಗಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದಾಗ ಅವರು ದೊಡ್ಡದೊಂದು ಕೊಳವೆಯ ಬಾಯಿಗೆ ಹಾಡಬೇಕಾಯಿತು. ಕಂಠದ ಬಲವೇ ಸೂಜಿಯನ್ನು ನಡುಗಿಸಿ ಮೇಣದ ತಟ್ಟೆಯ ಮೇಲೆ ಗೀರು ಮೂಡಿಸುತ್ತಿತ್ತು. ಅಂತಹ ಯಂತ್ರಕ್ಕೆ ಗಟ್ಟಿ ಕಂಠ ಒಗ್ಗುತ್ತಿತ್ತು. ಮೆಲುದನಿಯೂ ತಂಬೂರಿಯ ಸೂಕ್ಷ್ಮ ನಾದವೂ ಮಸುಕಾಗಿ ಹೋಗುತ್ತಿದ್ದವು. 1925ರ ಸುಮಾರಿಗೆ ಮೈಕ್ರೊಫೋನಿನ ನೆರವಿನಿಂದ ಧ್ವನಿಯನ್ನು ವಿದ್ಯುತ್ತಾಗಿಸಿ ಮುದ್ರಿಸುವ ಕ್ರಮ ಬಂದಿತು. ಅಂದಿನಿಂದ ಮೆಲ್ಲನೆ ಹಾಡುವವರಿಗೂ ಸ್ಥಾನ ದೊರೆಯಿತು.

ಧ್ವನಿಯೆಂದರೆ ಗಾಳಿಯಲ್ಲಿ ಉಂಟಾಗುವ ಒತ್ತಡದ ಅಲೆ. ಆ ಅಲೆಯು ನಮ್ಮ ಕಿವಿದಮಟೆಯನ್ನು ಅಲುಗಿಸುವಂತೆಯೇ ಮೈಕ್ರೊಫೋನಿನೊಳಗಿನ ತೆಳುವಾದ ಪೊರೆಯನ್ನು ಅಲುಗಿಸುತ್ತದೆ. ಈ ಅಲುಗಾಟವನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಮಾರ್ಪಡಿಸುವುದೇ ಎಲ್ಲ ಮೈಕ್ರೊಫೋನುಗಳ ಕೆಲಸ. ಮಾರ್ಪಡಿಸುವ ವಿಧಾನ ಬೇರೆ ಬೇರೆ. ಆದುದರಿಂದ ಬಗೆಗಳೂ ಬೇರೆ ಬೇರೆ.

ಇವುಗಳಲ್ಲಿ ಹಳೆಯದು ಇಂಗಾಲದ ಮೈಕ್ರೊಫೋನು. 1877–78ರ ಹೊತ್ತಿಗೆ ಎಡಿಸನ್, ಬರ್ಲಿನರ್, ಹ್ಯೂಸ್ ಮೊದಲಾದವರು ಇದನ್ನು ರೂಪಿಸಿದರು. ಮುಂದೆ ರೂಢಿಗೆ ಬಂದ ಮಾದರಿಯಲ್ಲಿ ಪೊರೆಯ ಹಿಂದೆ ಇಂಗಾಲದ ಹರಳುಗಳಿರುತ್ತವೆ. ಪೊರೆ ಒತ್ತಿದಾಗ ಹರಳುಗಳು ಬಿಗಿಯಾಗಿ ಒಂದಕ್ಕೊಂದು ತಗಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಪೊರೆ ಸಡಿಲಿದಾಗ ಹರಿವು ತಗ್ಗುತ್ತದೆ. ಇದರಲ್ಲಿ ಸಂಗೀತದ ಸೊಗಸು ಉಳಿಯದು. ಮಾತು ಮಾತ್ರ ಅರ್ಥವಾಗುತ್ತದೆ. ದೂರವಾಣಿಗೆ ಅಷ್ಟೇ ಸಾಕಾಗಿತ್ತು. ಬೆಲೆಯೂ ಕಡಿಮೆಯಾದ್ದರಿಂದ ಅದು ಬಹುಕಾಲ ದೂರವಾಣಿಯಲ್ಲಿ ಉಳಿಯಿತು.

ಎರಡನೆಯದು ಚಲಿಸುವ ಸುರುಳಿಯ ಮೈಕ್ರೊಫೋನು. ಅಯಸ್ಕಾಂತದ ಬಳಿ ತಂತಿಯ ಸುರುಳಿ ಚಲಿಸಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಫ್ಯಾರಡೆ 1831ರಲ್ಲಿ ಕಂಡುಹಿಡಿದನು. ಇಲ್ಲಿ ಆ ಸುರುಳಿಯನ್ನು ಪೊರೆಗೆ ಅಂಟಿಸಿರುತ್ತಾರೆ. ಇದಕ್ಕೆ ಹೊರಗಿನ ವಿದ್ಯುತ್ತು ಬೇಕಿಲ್ಲ. ಧೂಳು, ಬಿಸಿಲು, ಒರಟು ಬಳಕೆಗಳನ್ನು ತಡೆದುಕೊಳ್ಳುತ್ತದೆ. ಸಭೆಗೂ ರಂಗಸ್ಥಳಕ್ಕೂ ಇದೇ ಒಳ್ಳೆಯದು. ಸುರುಳಿಯ ಬದಲು ಅತಿ ತೆಳುವಾದ ಲೋಹದ ಪಟ್ಟಿಯನ್ನು ಅಯಸ್ಕಾಂತದ ನಡುವೆ ತೂಗಿಬಿಟ್ಟರೆ ಅದು ಪಟ್ಟಿಯ ಮೈಕ್ರೊಫೋನು. ಇದರ ನಾದ ಮೃದು. ಆದರೆ ಜೋರಾಗಿ ಊದಿದರೆ ಪಟ್ಟಿ ಹಾಳಾಗಬಹುದು.

ಮೂರನೆಯದು ಕಂಡೆನ್ಸರ್ ಮೈಕ್ರೊಫೋನು. 1916ರಲ್ಲಿ ಅಮೆರಿಕದ ವೆಂಟೆ ಎಂಬಾತನು ಇದನ್ನು ನಿರ್ಮಿಸಿದನು. ವಿದ್ಯುದಾವೇಶವುಳ್ಳ ಎರಡು ಫಲಕಗಳು ಎದುರುಬದುರಾಗಿರುತ್ತವೆ. ಅವುಗಳಲ್ಲಿ ಒಂದು ಪೊರೆ. ನಡುವಣ ಅಂತರ ಬದಲಾದಂತೆ ವಿದ್ಯುತ್ತಿನ ಒತ್ತಡವೂ ಬದಲಾಗುತ್ತದೆ. ಪೊರೆ ಬಹಳ ಹಗುರವಾದ್ದರಿಂದ ವೀಣೆಯ ತಂತಿ ಮಿಡಿದ ಕ್ಷಣವನ್ನೂ ಗಾಯಕನ ಉಸಿರನ್ನೂ ಇದು ಬಿಡದೆ ಹಿಡಿಯುತ್ತದೆ. ಮುದ್ರಣ ಮಂದಿರಗಳಲ್ಲಿ ಇದಕ್ಕೆ ಹೆಚ್ಚಿನ ಮನ್ನಣೆ. 1962ರಲ್ಲಿ ವೆಸ್ಟ್ ಮತ್ತು ಸೆಸ್ಲರ್ ಎಂಬ ವಿಜ್ಞಾನಿಗಳು ಆವೇಶವನ್ನು ತಾನೇ ಹಿಡಿದಿಟ್ಟುಕೊಳ್ಳುವ ಪ್ಲಾಸ್ಟಿಕ್ ಪೊರೆಯಿಂದ ಎಲೆಕ್ಟ್ರೆಟ್ ಮೈಕ್ರೊಫೋನನ್ನು ತಯಾರಿಸಿದರು. ಇದರಿಂದ ಉಪಕರಣ ಚಿಕ್ಕದೂ ಅಗ್ಗವೂ ಆಯಿತು. ಇಂದಿನ ಮೊಬೈಲ್ ಫೋನುಗಳಲ್ಲಿ ಸಿಲಿಕಾನ್ ಬಿಲ್ಲೆಯ ಮೇಲೆ ಕೊರೆದ, ಕೆಲವೇ ಮಿಲಿಮೀಟರುಗಳಷ್ಟಿರುವ ಮೈಕ್ರೊಫೋನುಗಳಿವೆ.

ಒಳಗಿನ ರಚನೆಯಂತೆಯೇ ಕೇಳುವ ದಿಕ್ಕೂ ಮುಖ್ಯ. ಕೆಲವು ಮೈಕ್ರೊಫೋನುಗಳು ಎಲ್ಲ ಕಡೆಯ ಧ್ವನಿಯನ್ನೂ ಸಮನಾಗಿ ಕೇಳುತ್ತವೆ. ಸುತ್ತ ಕುಳಿತವರ ಚರ್ಚೆಗೆ ಇವು ತಕ್ಕವು. ಕೆಲವು ಮುಂದಿನದನ್ನು ಚೆನ್ನಾಗಿ ಕೇಳಿ ಹಿಂದಿನದಕ್ಕೆ ಕಿವುಡಾಗುತ್ತವೆ. ಇವುಗಳ ಶ್ರವಣಕ್ಷೇತ್ರ ಹೃದಯಾಕಾರವಾದುದು. ಧ್ವನಿವರ್ಧಕದಿಂದ ಹೊರಟ ಸದ್ದು ಮತ್ತೆ ಮೈಕ್ರೊಫೋನನ್ನು ಹೊಕ್ಕು, ಪುನಃ ಹಿಗ್ಗಿ ಹೊರಬಿದ್ದು ಸುತ್ತತೊಡಗಿದಾಗ ಸಭೆಯಲ್ಲಿ ಕಿವಿಗಡಚಿಕ್ಕುವ ಕೀರಲು ಏಳುವುದನ್ನು ನೀವು ಕೇಳಿರಬಹುದು. ಹೃದಯಾಕಾರದ ಮೈಕ್ರೊಫೋನಿನ ಬೆನ್ನನ್ನು ಧ್ವನಿವರ್ಧಕದ ಕಡೆಗೆ ತಿರುಗಿಸಿಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ದಿಕ್ಕಿನೊಡನೆ ದೂರವನ್ನೂ ಗಮನಿಸಬೇಕು. ತೆರೆದ ಬಯಲಿನಲ್ಲಿ ಬಾಯಿಗೂ ಮೈಕ್ರೊಫೋನಿಗೂ ನಡುವಣ ಅಂತರ ಇಮ್ಮಡಿಯಾದರೆ ಅದನ್ನು ಮುಟ್ಟುವ ಧ್ವನಿಯ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಸುತ್ತಲಿನ ಗದ್ದಲವಾದರೋ ಇದ್ದಷ್ಟೇ ಇರುತ್ತದೆ. ಕಿವಿ ಮಂದವಾದ ಮಗುವಿಗೆ ತರಗತಿಯಲ್ಲಿ ಒದಗುವ ಕಷ್ಟ ಇದೇ. ಅದು ಧರಿಸಿದ ಶ್ರವಣಸಾಧನದಲ್ಲಿ ಉತ್ತಮ ಮೈಕ್ರೊಫೋನು ಇರುತ್ತದೆ. ಆದರೆ ಅಧ್ಯಾಪಕರು ದೂರದಲ್ಲಿ, ಬೆಂಚುಗಳ ಸದ್ದು ಹತ್ತಿರದಲ್ಲಿ. ಸಾಧನವು ಎರಡನ್ನೂ ಹಿಗ್ಗಿಸುವುದರಿಂದ ಪಾಠ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಇದಕ್ಕೆ ಪರಿಹಾರವಾಗಿ ಅಧ್ಯಾಪಕರು ತಮ್ಮ ಬಾಯಿಯ ಸಮೀಪ ಇನ್ನೊಂದು ಪುಟ್ಟ ಮೈಕ್ರೊಫೋನನ್ನು ಧರಿಸುತ್ತಾರೆ. ಅವರ ಮಾತು ರೇಡಿಯೋ ಅಲೆಗಳ ಮೂಲಕ ನೇರವಾಗಿ ಮಗುವಿನ ಶ್ರವಣಸಾಧನವನ್ನು ಸೇರುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದರೂ ಆ ಮಗು ಅಧ್ಯಾಪಕರ ಎದುರಿಗೇ ಕುಳಿತಂತೆ ಪಾಠ ಕೇಳಬಲ್ಲುದು.

ಹೀಗೆ ಮೈಕ್ರೊಫೋನುಗಳಲ್ಲಿ ಮೇಲು ಕೀಳೆಂಬುದಿಲ್ಲ. ಮುದ್ರಣ ಮಂದಿರದ ಬೆಲೆಬಾಳುವ ಉಪಕರಣ ಜಾತ್ರೆಯ ಧೂಳಿನಲ್ಲಿ ಸೋಲಬಹುದು. ಸಾಮಾನ್ಯವಾದುದು ಅಲ್ಲಿ ಗೆಲ್ಲಬಹುದು. ಯಾರ ಧ್ವನಿ, ಎಲ್ಲಿಂದ, ಯಾರಿಗೆ ತಲುಪಬೇಕೆಂಬುದನ್ನು ಮೊದಲು ವಿಚಾರಿಸಿ ಅನಂತರ ಉಪಕರಣವನ್ನು ಆರಿಸುವವನೇ ಜಾಣ.