ತಾಪವನ್ನು ತಾಳುವ ಸಿಲಿಕೋನ್

ಬೆಣಚುಕಲ್ಲಿನಲ್ಲಿ ಆಮ್ಲಜನಕದೊಡನೆ ದೃಢವಾಗಿ ಬೆಸೆದುಕೊಂಡಿರುವ ಸಿಲಿಕಾನನ್ನು ವಿದ್ಯುತ್ ಕುಲುಮೆಯಲ್ಲಿ ಇದ್ದಿಲಿನೊಡನೆ ಕಾಯಿಸಿ ಬೇರ್ಪಡಿಸಿ, ಅದರ ಪುಡಿಗೆ ತಾಮ್ರವನ್ನು ಬೆರೆಸಿ, ಸುಮಾರು 300 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೀಥೈಲ್ ಕ್ಲೋರೈಡ್ ಅನಿಲವನ್ನು ಹಾಯಿಸಿದರೆ ದೊರೆಯುವ ದ್ರವವೇ ನೀರಿನೊಡನೆ ವರ್ತಿಸಿ ಸಿಲಿಕೋನಿಗೆ ಜನ್ಮವೀಯುತ್ತದೆ. ಈ ಮಾರ್ಗವು 1940ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಸಿದ್ಧಿಸಿತು. ಇಂತಹ ಪದಾರ್ಥಗಳನ್ನು ಇಂಗ್ಲೆಂಡಿನಲ್ಲಿ ದಶಕಗಳ ಕಾಲ ಅಭ್ಯಸಿಸಿದ ಫ್ರೆಡರಿಕ್ ಕಿಪ್ಪಿಂಗ್ ಅವರು 1936ರಲ್ಲಿಯೂ ಈ ಶಾಖೆಯ ಭವಿಷ್ಯದ ವಿಷಯದಲ್ಲಿ ನಿರಾಶರಾಗಿದ್ದರೆಂಬುದು ವಿಜ್ಞಾನದ ಇತಿಹಾಸದಲ್ಲಿ ಗಮನಾರ್ಹವಾದ ಸಂಗತಿ.

ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದಾದ ಮೇಲೊಂದರಂತೆ ಕೂಡಿದ ಸರಪಳಿಯೇ ಸಿಲಿಕೋನಿನ ಬೆನ್ನೆಲುಬು. ಸಿಲಿಕಾನಿನ ಇಕ್ಕೆಲಗಳಲ್ಲಿ ಇಂಗಾಲದ ಮೀಥೈಲ್ ಗುಂಪುಗಳಿರುತ್ತವೆ. ಇಂಗಾಲ ಇಂಗಾಲಗಳ ಬಂಧವನ್ನು ಮುರಿಯಲು ಮೋಲ್ ಒಂದಕ್ಕೆ ಸುಮಾರು 350 ಕಿಲೋಜೂಲ್ ಶಕ್ತಿ ಬೇಕಾದರೆ, ಈ ಬೆನ್ನೆಲುಬಿನ ಬಂಧಕ್ಕೆ ಸುಮಾರು 450 ಬೇಕು. ಆದುದರಿಂದಲೇ ಸಾಧಾರಣ ರಬ್ಬರು ಹಾಳಾಗುವ 200 ಡಿಗ್ರಿಯಲ್ಲಿಯೂ ಸಿಲಿಕೋನ್ ರಬ್ಬರು ದೀರ್ಘಕಾಲ ಮೃದುವಾಗಿರುತ್ತದೆ.

ಆದರೆ ಬಂಧದ ಬಲವೊಂದೇ ಅಣುವಿನ ರಕ್ಷೆಯಲ್ಲ. ಗಾಳಿಯಿಲ್ಲದೆಡೆಯಲ್ಲಿ ಸುಮಾರು 350 ಡಿಗ್ರಿಯನ್ನು ಮೀರಿ ಕಾಯಿಸಿದಾಗ, ಬಹು ಸುಲಭವಾಗಿ ಬಳುಕುವ ಈ ಸರಪಳಿಯು ಹಾವು ತನ್ನ ಬಾಲವನ್ನೇ ಕಚ್ಚಿದಂತೆ ತನ್ನ ಮೇಲೆ ತಾನೇ ಬಾಗಿ, ಹಳೆಯ ಬಂಧವನ್ನು ಬಿಡುವ ಕ್ಷಣದಲ್ಲಿಯೇ ಹೊಸದನ್ನು ಹಿಡಿದು, ಮೂರು ನಾಲ್ಕು ಸಿಲಿಕಾನುಗಳ ಸಣ್ಣ ಉಂಗುರಗಳಾಗಿ ಕಳಚಿಕೊಂಡು ಆವಿಯಾಗುತ್ತದೆ. ತಯಾರಿಕೆಯಲ್ಲಿ ಬಳಸಿದ ಕ್ಷಾರವು ಲೇಶಮಾತ್ರ ಉಳಿದರೂ ಈ ವಿಘಟನೆಯು ಇನ್ನೂ ಕಡಮೆ ತಾಪದಲ್ಲಿಯೇ ಮೊದಲಾಗುವುದರಿಂದ, ಅದನ್ನು ನಿಷ್ಕ್ರಿಯಗೊಳಿಸುವುದು ತಯಾರಕರ ಮುಖ್ಯ ಕರ್ತವ್ಯ.

ಗಾಳಿಯಲ್ಲಿ ನಡೆಯುವುದೇ ಬೇರೆ. ಇಲ್ಲಿ ಪೆಟ್ಟು ಬೀಳುವುದು ಮೀಥೈಲ್ ಗುಂಪಿಗೆ. 200 ಡಿಗ್ರಿಗೂ ಮಿಗಿಲಾದ ತಾಪದಲ್ಲಿ ಆಮ್ಲಜನಕವು ಅದನ್ನು ಮೆಲ್ಲಮೆಲ್ಲನೆ ಕಿತ್ತುಹಾಕಿದಾಗ ಅಕ್ಕಪಕ್ಕದ ಸರಪಳಿಗಳು ಅಡ್ಡಡ್ಡಲಾಗಿ ಬೆಸೆದುಕೊಳ್ಳುವುವು. ರಬ್ಬರು ಗಡುಸಾಗಿ, ಮಡಿಸಿದೆಡೆಯಲ್ಲಿ ಸೀಳುವುದು. ಕಬ್ಬಿಣದ ಆಕ್ಸೈಡನ್ನು ಬೆರೆಸಿದರೆ ಈ ಕ್ರಿಯೆ ನಿಧಾನವಾಗುವುದಾದ ಕಾರಣ, ಹೆಚ್ಚು ಶಾಖವನ್ನು ಸಹಿಸಬೇಕಾದ ಗ್ಯಾಸ್ಕೆಟ್ಟುಗಳಲ್ಲಿ ಎಷ್ಟೋ ಇಟ್ಟಿಗೆಗೆಂಪು ಬಣ್ಣದವಾಗಿರುತ್ತವೆ. ಉರಿಗೆ ಸಿಕ್ಕಿ ಸುಟ್ಟರಂತೂ ಉಳಿಯುವುದು ಬಿಳಿಯ ಸಿಲಿಕಾ ಬೂದಿ. ವಿದ್ಯುತ್ತನ್ನು ಒಯ್ಯದ ಆ ಪದರವು ಬೆಂಕಿಯ ನಡುವೆಯೂ ತಂತಿಗೆ ಕೆಲಕಾಲ ಹೊದಿಕೆಯಾಗಿ ನಿಲ್ಲುವುದರಿಂದ ಅಪಾಯ ಸೂಚಕ ವ್ಯವಸ್ಥೆಗಳ ಕೇಬಲ್ಲುಗಳಲ್ಲಿ ಸಿಲಿಕೋನಿಗೆ ಸ್ಥಾನ ದೊರೆತಿದೆ.

ತಾಪದಿಂದ ಒಮ್ಮೆ ಉಂಟಾದ ಅಡ್ಡಬೆಸುಗೆ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಆದುದರಿಂದ ಗಡುಸಾದ ಸಿಲಿಕೋನ್ ಗ್ಯಾಸ್ಕೆಟ್ಟನ್ನು ಎಣ್ಣೆ ಸವರಿ ಮೆದುಗೊಳಿಸಲು ಯತ್ನಿಸದೆ, ಹೊಸದನ್ನು ತಂದು ಹಾಕುವುದೇ ಯುಕ್ತ.